ಸುಣ್ಣದ ಗೆರೆಗೆ ಒಂದು ಮಾರು ದೂರ

ಎಣ್ಣೆ ಬೆರೆಸಿದ ಪೆಟ್ರೋಲು ಸುಟ್ಟ ವಾಸನೆ ಈಗ ಬೀದರದಲ್ಲೂ ಅಪರೂಪ. ಕಳೆದ ಕ್ರಿಸ್ಮಸ್ಸಿಗೆ ಔರಾದಿನಿಂದ ಬಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸ್ಕೂಟರು ನಿಲ್ಲಿಸುತ್ತಿದ್ದಾಗ, ಹಾಲಿನ ಕ್ಯಾನು ಕಟ್ಟಿದ ಹಳೆಯ ಮೊಪೆಡ್ಡೊಂದು ನೀಲಿ ಹೊಗೆ ಬಿಡುತ್ತ ಪಕ್ಕದಲ್ಲೇ ಹಾದುಹೋಯಿತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಿದ್ದ ಜಾಗದಲ್ಲಿ ಒಂದು ಮನೆ ಎದ್ದುಬಂತು. ಒಂದು ಕಾಲಕ್ಕೆ ಅಲ್ಲಿ ನಿಜವಾಗಿಯೂ ಮನೆಯಿತ್ತು, ಆಸ್ಪತ್ರೆಯ ಜೀಪು ಓಡಿಸುತ್ತಿದ್ದ ದೊಡ್ಡಪ್ಪನಿಗೆ ಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸು. ಅಪ್ಪ ಅವ್ವ ಚಿಂತಾಕಿಯಲ್ಲಿ ಹೊಲ ನೋಡಿಕೊಂಡಿದ್ದರು. ನನ್ನ ಓದೆಲ್ಲ ದೊಡ್ಡಪ್ಪನ ಮನೆಯಲ್ಲೇ ಆಯಿತು. ಕೆಂಪು ಕಲ್ಲಿನ ಗೋಡೆ, ನರ್ಸ್ ಆಗಿದ್ದ ದೊಡ್ಡವ್ವ ಗಂಜಿ ಹಾಕಿ ಒಣಗಿಸಿದ ಬಿಳಿ ಸೀರೆ, ಬಾಗಿಲ ಬಳಿ ಎರಡು ಮೊಪೆಡ್ಡು. ಒಂದು ದೊಡ್ಡವ್ವನದು, ಇನ್ನೊಂದು ಅವರ ಮಗಳು ರೂತಕ್ಕನದು. ದೊಡ್ಡವ್ವನ ಗಾಡಿಯನ್ನು ಬಿಡುವಾದಾಗೆಲ್ಲ ನಾನೇ ಓಡಿಸುತ್ತಿದ್ದೆ.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಆಟದಲ್ಲಿ ಯಾರೂ ಯಾರಿಗೂ ಬಿಟ್ಟುಕೊಡಬಾರದು. ಲೂಡೋ ಆಡಲು ಬಂದ ಐದು ವರ್ಷದ ಮಗುವನ್ನೂ ದೊಡ್ಡವ್ವ ಮುಲಾಜಿಲ್ಲದೆ ಸೋಲಿಸಿ, ಆಮೇಲೆ ಕೈಗೆ ಬಿಸ್ಕತ್ತು ಕೊಡುತ್ತಿದ್ದರು. ಭಾನುವಾರ ಚರ್ಚಿನಿಂದ ಬಂದು ಕೋಳಿಸಾರು ರೊಟ್ಟಿ ಉಂಡ ಮೇಲೆ ಟೀವಿಯಲ್ಲಿ ಕಾರ್ ರೇಸು. ವಾರವಿಡೀ ಕಮಲನಗರದ ಹೊಂಡದ ರಸ್ತೆಯಲ್ಲಿ ಕುಲುಕಾಡಿದ ದೊಡ್ಡಪ್ಪ ಆ ನುಣುಪು ರಸ್ತೆಯನ್ನು ಮಿಠಾಯಿ ಅಂಗಡಿ ನೋಡಿದ ಹಾಗೆ ನೋಡುತ್ತಿದ್ದರು. ಒಂದು ಭಾನುವಾರ ಒಂದೇ ತಂಡದ ಎರಡು ಕಾರು ಮುಂದಿದ್ದವು. ಕೊನೆಯ ಗೆರೆ ಕಣ್ಣೆದುರಿಗೇ ಇರುವಾಗ ಮೊದಲಿನವನು ವೇಗ ಇಳಿಸಿ, ಹಿಂದಿನವನನ್ನು ಮುಂದೆ ಬಿಟ್ಟ. ತಂಡದವರೇ ಹಾಗೆ ಹೇಳಿದ್ದರಂತೆ. ಅಲ್ಲಿಯ ಜನ ಕೂಗಿ ಛೀಮಾರಿ ಹಾಕಿದರು, ಇಲ್ಲಿ ದೊಡ್ಡಪ್ಪ ಎದ್ದು ಟೀವಿ ಆರಿಸಿಬಿಟ್ಟರು. "ಇದಕ್ಕ ಶರ್ಯತ್ತ ಅಂತಾರೇನು? ನಿಂದ್ರು ಅನ್ನೋರಿದ್ರ ಅಂವ ಅಷ್ಟು ದೂರ ಯಾಕ ಓಡಿಸ್ಬೇಕು?" ಮುಂದಿನ ಎರಡು ಭಾನುವಾರ ನಮಗೆ ರೇಸೇ ಇರಲಿಲ್ಲ.

ಆ ವರ್ಷ ನನಗೆ ಹದಿನಾರು. ಕ್ರಿಸ್ಮಸ್ ರಜೆಯ ಆಟೋಟದಲ್ಲಿ ಹೆಂಗಸರ ಮೊಪೆಡ್ ಪಂದ್ಯ ಇರುತ್ತಿತ್ತು. ಆಸ್ಪತ್ರೆಯ ಮೈದಾನಕ್ಕೆ ಮೂರು ಸುತ್ತು, ಕೊನೆಗೆ ಬೇವಿನ ಮರದ ಮುಂದೆ ಸುಣ್ಣದ ಗೆರೆ. ರೂತಕ್ಕ ಮೂರು ವರ್ಷದಿಂದ ಎರಡನೆಯವಳಾಗಿಯೇ ಉಳಿದಿದ್ದಳು. ಜನವರಿಯಲ್ಲಿ ನರ್ಸ್ ಕೆಲಸಕ್ಕೆಂದು ಸೋಲಾಪುರಕ್ಕೆ ಹೊರಟಿದ್ದಳು, ಇದೇ ಅವಳ ಕೊನೆಯ ಪಂದ್ಯ. ನಾನಾದರೋ ತಿಂಗಳಿಡೀ ಮೈದಾನ ಸುತ್ತಿ, ಗೆಲ್ಲಲೇಬೇಕೆಂದು ಹಟ ತೊಟ್ಟಿದ್ದೆ. ಅಂದು ಬೆಳಿಗ್ಗೆ ನನ್ನ ಗಾಡಿಗೆ ಪೆಟ್ರೋಲು ಹಾಕುತ್ತ, ನನ್ನ ಮುಖ ನೋಡದೆ ದೊಡ್ಡಪ್ಪ ಹೇಳಿದರು: "ಸುಶಿ, ಈ ಸರ್ತಿ ಅಕ್ಕ ಗೆಲ್ಲಲಿ. ಮುಂದಿನ ವರ್ಷ ನಿಂದೇ ಅದ." ನನಗೆ ಸಿಟ್ಟು ನೆತ್ತಿಗೇರಿತು. ಟೀವಿ ಆರಿಸಿದ ಮನುಷ್ಯ ಇವರೇನಾ? ಆದರೂ "ಹೂಂನ್ರಿ" ಎಂದೆ.

ಕೊನೆಯ ತಿರುವಿನಲ್ಲಿ ನಾನೇ ಮುಂದಿದ್ದೆ. ಗೆರೆಯಾಚೆ ಮರದ ಕೆಳಗೆ ದೊಡ್ಡಪ್ಪ ತಲೆ ತಗ್ಗಿಸಿ ನಿಂತಿದ್ದರು. ಕೈ ಸಡಿಲಿಸಿ ವೇಗ ಇಳಿಸಿದೆ. ಅಕ್ಕ ಪಕ್ಕಕ್ಕೆ ಬಂದಳು, ನನ್ನ ಕೈ ನೋಡಿದಳು, ಮರದ ಕೆಳಗಿದ್ದ ತನ್ನಪ್ಪನನ್ನು ನೋಡಿದಳು, ಗಕ್ಕನೆ ಬ್ರೇಕು ಹಾಕಿದಳು. ಗೆರೆಗೆ ಒಂದು ಮಾರು ದೂರದಲ್ಲಿ ಇಬ್ಬರೂ ನಿಂತೆವು. "ಹೋಗಽ ಮುಂದ!" ಎಂದು ಅವಳು. "ನೀ ಹೋಗಕ್ಕಾ" ಎಂದು ನಾನು. ಜನ ಬೊಬ್ಬೆ ಹೊಡೆಯುತ್ತಿರುವಾಗ, ಪ್ರತಿ ವರ್ಷ ಕೊನೆಯವರಾಗಿ ಬರುತ್ತಿದ್ದ ಪಾಸ್ಟರಮ್ಮ ಸೆರಗು ಸಿಕ್ಕಿಸಿಕೊಂಡು ನಮ್ಮಿಬ್ಬರ ನಡುವೆ ಟುರ್ರೆಂದು ನುಸುಳಿ ಗೆರೆ ದಾಟಿದರು. ಗೆದ್ದದ್ದು ಅವರಿಗೇ ತಿಳಿಯದೆ ಇನ್ನೊಂದು ಸುತ್ತೂ ಹೊಡೆದರು. ನಗುವಿಗೆ ಮೈದಾನವೇ ಬಿದ್ದುಹೋಗುವಂತಿತ್ತು. ಅಕ್ಕ ಮಾತ್ರ ನಗಲಿಲ್ಲ. "ಸೋತ್ರ ಸೋತು ಹೋಗ್ತಿದ್ದೆ ಪಪ್ಪಾ. ಹಿಂಗ ಗೆಲಿಸಿ ಯಾಕ ಕಳಸ್ತೀರಿ?" ಎಂದಳು.

ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ದೊಡ್ಡಪ್ಪ ಕಣ್ಣು ಮುಚ್ಚಿ, "ಸ್ವಾಮಿ, ಟೀವಿ ಮುಂದ ಕುಂತು ಮಂದಿಗಿ ಬೈದೆ. ಮಗಳ ಸಲುವಾಗಿ ನಾನೂ ಅದೇ ಮಾಡ್ದೆ. ತಪ್ಪಾಯ್ತು" ಎಂದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದದ್ದು ಅಕ್ಕ. ಅಂದಿನ ರೊಟ್ಟಿಯಷ್ಟು ರುಚಿಯ ರೊಟ್ಟಿ ನಾನು ಮತ್ತೆ ತಿಂದಿಲ್ಲ.

ಅಕ್ಕ ಸೋಲಾಪುರಕ್ಕೆ ಹೋದಳು. ದೊಡ್ಡಪ್ಪ ನಿವೃತ್ತರಾದ ಮೇಲೆ ಕ್ವಾರ್ಟರ್ಸು ಕೆಡವಿ, ಆ ಜಾಗವನ್ನೂ ಮೈದಾನವನ್ನೂ ಪಾರ್ಕಿಂಗ್ ಮಾಡಿದರು. ಪ್ರತಿ ಕ್ರಿಸ್ಮಸ್ಸಿಗೂ ದೊಡ್ಡಪ್ಪ, "ನಿಮ್ಮ ಶರ್ಯತ್ತ ಇನ್ನಾ ಮುಗದಿಲ್ಲ ನೋಡ್ರಿ" ಎನ್ನುತ್ತಿದ್ದರು. ನಾವು ನಕ್ಕು ಮುಂದಿನ ವರ್ಷಕ್ಕೆ ತಳ್ಳುತ್ತಿದ್ದೆವು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ನಿಮಗೂ ಹೀಗೆ ಮುಂದಿನ ವರ್ಷಕ್ಕೆಂದು ತಳ್ಳಿದ್ದು ಏನಾದರೂ ಇದ್ದೀತು.

ಕಳೆದ ಕ್ರಿಸ್ಮಸ್ಸಿನ ಆ ಮಧ್ಯಾಹ್ನ, ಹಾಲಿನ ಗಾಡಿ ಹೋದ ಮೇಲೆ, ಸೋಲಾಪುರದಿಂದ ರಜೆಗೆ ಬಂದಿದ್ದ ಅಕ್ಕ, ಮೊದಲೇ ಮಾತಾಗಿದ್ದಂತೆ, ಗೆಳತಿಯ ಸ್ಕೂಟರು ಓಡಿಸಿಕೊಂಡು ಬಂದಳು. ಮಂಡಿ ನೋವು, ಕನ್ನಡಕ, ಅರ್ಧ ಬಿಳಿಗೂದಲು. ರಜೆಯಾದ್ದರಿಂದ ಪಾರ್ಕಿಂಗ್ ಖಾಲಿಯಿತ್ತು. ಬೇವಿನ ಮರ ಮಾತ್ರ ಹಾಗೇ ಇತ್ತು. "ಏ ಸುಶಿ, ಮರದ ತನಕ ಬರ್ತಿ ಏನು?" ಎಂದಳು. ಇಬ್ಬರೂ ಹೊರಟೆವು. ನಾನು ಪೂರ್ತಿ ವೇಗ ಕೊಟ್ಟೆ, ಹಲ್ಲು ಕಚ್ಚಿ ಕೊಟ್ಟೆ. ಅಕ್ಕ ಅರ್ಧ ಗಾಲಿಯಷ್ಟು ಮುಂದೆ ಮರ ಮುಟ್ಟಿದಳು. "ಗೆದ್ದೆ!" ಎಂದು ಚಿಕ್ಕವಳ ಹಾಗೆ ಕೂಗಿ, ಪಪ್ಪನಿಗೆ ಹೇಳಲೆಂದು ಮರದ ಕೆಳಗೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

ನಾನು ಬಿಟ್ಟುಕೊಟ್ಟಿರಲಿಲ್ಲ ದೊಡ್ಡಪ್ಪ, ಖರೇನೇ. ಅಕ್ಕನೇ ಗೆದ್ದಳು.