ದಸ್ತಗೀರ್ ಸಾಬ್ರ ನಕ್ಷತ್ರ

ದಸ್ತಗೀರ್ ಸಾಬ್ರ ಅಂಗಡಿಯ ಕಸದ ಬುಟ್ಟಿಗೆ ಬೀಳುತ್ತಿದ್ದ ಮದುವೆ ಕಾರ್ಡುಗಳಿಗೆಲ್ಲ ನೆತ್ತಿಯಲ್ಲೊಂದು ತೂತು ಇರುತ್ತಿತ್ತು. ಕೆಟ್ಟ ಪ್ರಿಂಟನ್ನು ಅವರು ಹಾಗೇ ಎಸೆದವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಮೇಲಿನ ನಕ್ಷತ್ರವನ್ನಷ್ಟೇ ದುಂಡಗೆ ಕತ್ತರಿಸಿ ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದಾಗ ಮಸೀದಿಯ ಹಿಂದಿನ ಬೇವಿನ ಬುಡದಲ್ಲಿ ಹೂತು ಬರುತ್ತಿದ್ದರು.

ರಾಮನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಡಿಟಿಪಿ ಅಂಗಡಿ. ನಾನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಅವರ ನಕ್ಷತ್ರವೆಂದರೆ ಇದು: ۞. ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕ, ನಡುವೆ ಪುಟ್ಟ ಸೊನ್ನೆ. ಕುರಾನಿನಲ್ಲಿ ಓದುವವರಿಗೆ ಭಾಗ ತೋರಿಸಲು ಇಡುವ ಗುರುತು. ಕಂಪ್ಯೂಟರಿನಲ್ಲಿ ಮಾತ್ರ ಅದು ಅ, ಆ ಇದ್ದ ಹಾಗೆ ಒಂದು ಅಕ್ಷರ. ಟೈಪ್ ಮಾಡಬಹುದು, ದಪ್ಪ ಮಾಡಬಹುದು, ಅಳಿಸಬಹುದು. ಅಳಿಸಬಹುದು ಎಂಬುದೇ ಸಾಬ್ರಿಗೆ ಸಂಕಟ.

"ಬ್ಯಾಕ್‌ಸ್ಪೇಸ್ ಒತ್ತಿದ್ರೆ ಅದು ಎಲ್ಲಿಗ್ ಹೋಯ್ತದಮ್ಮ?" ಎಂದು ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು!

ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಕರಡು ತಿದ್ದುವಷ್ಟು ದಿನವೂ ಆ ಜಾಗದಲ್ಲಿ ಕೀಬೋರ್ಡಿನ ಮಾಮೂಲಿ ಸ್ಟಾರ್ ಇರುತ್ತಿತ್ತು. ಎಲ್ಲ ಸರಿಯಾದ ಮೇಲೆ 'ರಿಪ್ಲೇಸ್ ಆಲ್' ಒತ್ತಿದರೆ ಇಡೀ ಫೈಲಿನ ಸ್ಟಾರ್‌ಗಳೆಲ್ಲ ಒಟ್ಟಿಗೇ ನಕ್ಷತ್ರಗಳಾಗುತ್ತಿದ್ದವು. ಒತ್ತುವ ಮುಂಚೆ ಸಾಬ್ರು ಹೋಗಿ ಕೈ ತೊಳೆದು ಬರುತ್ತಿದ್ದರು.

ಒಮ್ಮೆ ಗುಡೇಮಾರನಹಳ್ಳಿಯ ಗೌಡರೊಬ್ಬರು ಗೃಹಪ್ರವೇಶದ ಕಾರ್ಡಿಗೆಂದು ಬಂದವರು ಪರದೆಯ ಮೇಲೆ ಅದನ್ನು ಕಂಡು, "ಇದ್ನೇ ಹಾಕ್ಬುಡಿ ಸಾಬ್ರೇ, ಚೆಂದಾಗೈತೆ" ಎಂದರು.

"ಅದು ನಮ್ ಕಿತಾಬಿಂದು ಗೌಡ್ರೇ. ನಿಮ್ಗೆ ತಾವರೆ ಹಾಕ್ತೀನಿ."

"ದೇವ್ರುದ್ದು ಅಂದ್ಮ್ಯಾಲೆ ಇನ್ನೂ ಒಳ್ಳೇದಾಯ್ತು ಬುಡಿ."

ಸಾಬ್ರು ಕೈ ತೊಳೆಯಲು ಎದ್ದರು. ಗಣೇಶನ ಪಕ್ಕದಲ್ಲಿ ಆ ನಕ್ಷತ್ರ ನಿಜಕ್ಕೂ ಚೆನ್ನಾಗಿ ಕಂಡಿತು.

ಎಡವಟ್ಟಾದದ್ದು ಮದುವೆಗಳ ಕಾಲದಲ್ಲಿ. ಒಂದು ನಿಕಾಹ್ ಕಾರ್ಡು, ಒಂದು ಚಪ್ಪಲಿ ಅಂಗಡಿಯ ರಿಯಾಯಿತಿ ಕರಪತ್ರ, ಎರಡೂ ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದಿದ್ದವು. ಕರಪತ್ರದಲ್ಲಿ ಪ್ರತಿ ಚಪ್ಪಲಿಯ ಬೆಲೆಯ ಪಕ್ಕದಲ್ಲೂ 'ಷರತ್ತು ಅನ್ವಯ' ಎನ್ನುವ ಸ್ಟಾರ್. ಕೈ ತೊಳೆದು ಬಂದ ಸಾಬ್ರು ಗುಂಡಿ ಒತ್ತಿದ್ದು ಕರಪತ್ರದ ಫೈಲಿನಲ್ಲಿ. ಗೊತ್ತಾಗುವಷ್ಟರಲ್ಲಿ ಅದು ಅಚ್ಚಾಗಿ, ಬಸ್ ನಿಲ್ದಾಣದ ತುಂಬ ಹಂಚಿಹೋಗಿತ್ತು. ಚಪ್ಪಲಿ ಚಪ್ಪಲಿಗೂ ಒಂದು ನಕ್ಷತ್ರ, ಅದರ ಮೇಲೆ ಜನರ ಹೆಜ್ಜೆ.

ಸಾಬ್ರು ಅಂಗಡಿಗೆ ಬೀಗ ಹಾಕಿ, ಬಸ್ಸುಗಳ ಚಕ್ರದ ಸಂದಿಯಲ್ಲೆಲ್ಲ ಬಗ್ಗಿ ಬಗ್ಗಿ ಕಾಗದ ಹೆಕ್ಕಿದರು. ನಾನೂ ಹೆಕ್ಕಿದೆ. ಚಪ್ಪಲಿ ಅಂಗಡಿಯ ಮಂಜಣ್ಣ ಎದುರಾಗಿ, "ಡಿಸೈನ್ ಬೊಂಬಾಟಾಗೈತೆ ಸಾಬ್ರೇ, ಮುಂದಿನ್ ಸಲಾನೂ ಇದ್ನೇ ಮಡಗಿ" ಎಂದ. ಸಾಬ್ರು ಬಗ್ಗಿ ಅವನ ಕಾಲ ಬಳಿಯ ಕಾಗದವನ್ನೂ ಹೆಕ್ಕಿಕೊಂಡರು.

ಮಸೀದಿಯ ಹಜರತರು, ತಿಳಿಯದೆ ಆದದ್ದು ತಪ್ಪಲ್ಲ, ಅದು ಬರೀ ಓದುವ ಗುರುತು ಎಂದು ಸಮಾಧಾನ ಹೇಳಿ ಕಳಿಸಿದರು. ಸಾಬ್ರು ಒಪ್ಪಲಿಲ್ಲ. "ಒತ್ತಿದ್ದು ನನ್ ಬೆರಳೇ ಅಲ್ವೇನಮ್ಮ?" ಎಂದು ಆ ಬೆರಳನ್ನೇ ನೋಡುತ್ತ ಕೂತರು. ಆಮೇಲೆ ಅವರು ಆ ನಕ್ಷತ್ರವನ್ನು ಟೈಪ್ ಮಾಡಲೇ ಇಲ್ಲ. ಕೇಳಿದವರಿಗೆಲ್ಲ ಹೂವು, ಬಳ್ಳಿ ಹಾಕಿ ಕಳಿಸುತ್ತಿದ್ದರು.

ಮಗಳು ಹಸೀನಾಳ ಮದುವೆ ಗೊತ್ತಾಯಿತು. ಅವಳು ಅಂಗಡಿಗೇ ಬಂದು ಹಟ ಹಿಡಿದಳು. "ಊರೋರ್ ಮದ್ವೆಗೆಲ್ಲ ಹಾಕಿದ್ರಿ. ನನ್ ಕಾರ್ಡಿಗೆ ಮಾತ್ರ ಬ್ಯಾಡ್ವಾ ಅಬ್ಬಾ?"

ನಾನೂ ಅವಳ ಜೊತೆ ಸೇರಿಕೊಂಡೆ. "ನೀವು ಮುಟ್ಟಬೇಡಿ ಸಾಬ್ರೇ, ನಾನು ಒತ್ತುತ್ತೇನೆ" ಎಂದೆ. ಅವರು ಎದ್ದು ಬಾಗಿಲಾಚೆ ಹೋಗಿ ನಿಂತರು. ನಾನು ಒತ್ತಿದೆ.

ಸಾಬ್ರು ತಾವು ಕಾರ್ಡು ಕೊಟ್ಟ ಪ್ರತಿಯೊಬ್ಬರಿಗೂ, "ಮದ್ವೆಗ್ ಬರೋವಾಗ ಇದ್ನ ತಕಂಬನ್ನಿ" ಎಂದು ಹೇಳುತ್ತಿದ್ದರು. ಯಾಕೆಂದು ಜನಕ್ಕೆ ಅರ್ಥವಾಗಲಿಲ್ಲ. "ಕಾರ್ಡ್ ತೋರ್ಸುದ್ರೇನೇ ಬಿರಿಯಾನಿನಾ ಸಾಬ್ರೇ?" ಎಂದು ಮಂಜಣ್ಣ ರೇಗಿಸಿದ. ಮದುವೆಯ ದಿನ ನೋಡಿದರೆ ಹುಡುಗಿಯ ಅಪ್ಪ ಶಾದಿ ಮಹಲಿನ ಬಾಗಿಲಲ್ಲಿ ಬಟ್ಟೆಯ ಚೀಲ ಹಿಡಿದು ನಿಂತು, ಬಂದವರಿಗೆ ಸಲಾಂ ಹೇಳುತ್ತ ಕಾರ್ಡು ವಾಪಸ್ ಇಸಿದುಕೊಳ್ಳುತ್ತಿದ್ದಾರೆ. ಹೊಸ ಜುಬ್ಬಾ ಬೆವರಿಗೆ ಒದ್ದೆಯಾಗಿತ್ತು.

ಮನೆಯವರ ಫೋಟೋಗೆ ಕರೆಯಲು ನಾನೇ ಹೋದೆ.

"ಇನ್ನೂ ಜನ ಬತ್ತಾವ್ರೆ. ನಾನ್ ಒಳೀಕ್ ಬಂದ್ರೆ ಬೀದೀಲ್ ಬಿಸಾಕ್ಬುಡ್ತಾರೆ ಕಣಮ್ಮ. ನನ್ ಬದ್ಲು ನೀನೇ ಹೋಗಿ ಒಸಿ ನಿಂತ್ಕೋ."

ಚೀಲವನ್ನು ಅವರ ಕೈಯಿಂದ ಇಸಿದುಕೊಂಡು ನಾನು ಬಾಗಿಲಲ್ಲಿ ನಿಲ್ಲಬಹುದಿತ್ತು. ನನಗದು ಹೊಳೆಯಲಿಲ್ಲ. ಫೋಟೋದವನು ಅವಸರ ಮಾಡುತ್ತಿದ್ದ, ನಾನು ಒಳಗೆ ಓಡಿದೆ.

ವರ್ಷ ತುಂಬುವ ಮೊದಲೇ ಸಾಬ್ರು ಎದೆನೋವಿನಿಂದ ತೀರಿಕೊಂಡರು. ನೋಡಿಕೊಂಡು ಬರಲು ಹೋದಾಗ ಹಸೀನಾ ಮದುವೆಯ ಆಲ್ಬಂ ಹಿಡಿದು ಕೂತಿದ್ದಳು. "ಅಬ್ಬಾ ಜೊತೆ ನಂದೊಂದ್ ಫೋಟೋನೂ ಇಲ್ಲ ಅಕ್ಕಾ" ಎಂದು ಹಾಳೆ ತಿರುಗಿಸಿ ನನ್ನ ಮುಂದಿಟ್ಟಳು. ಅವಳ ಎಡಕ್ಕೆ ತಾಯಿ ನಿಂತಿದ್ದರು. ಬಲಕ್ಕೆ, ಅಪ್ಪ ನಿಲ್ಲಬೇಕಾಗಿದ್ದ ಜಾಗದಲ್ಲಿ, ನಾನು ಹಲ್ಲು ಕಿಸಿದು ನಿಂತಿದ್ದೆ.