ಕೆಂಕೆರೆಗೆ ತಡವಾಗಿ ಬಂದ ಲಸಿಕೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಒಂದು ಬೇಸಿಗೆಯ ಕೊನೆಗೆ ಶೆಟ್ಟಿಕೆರೆಯ ದನಗಳಿಗೆ ಕಾಲುಬಾಯಿ ಜ್ವರ ಬಂತು. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಳ. ನಾವೇ ಲಸಿಕೆ ಹಾಕಿದ್ದ ದನಗಳೂ ಮಲಗಿದವು. ಈ ವೈರಸ್ಸಿನಲ್ಲಿ ಹಲವು ಟೈಪ್‌ಗಳಿವೆ. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಬಂದಿರುವುದು ಯಾವ ಟೈಪ್ ಎಂದು ಲ್ಯಾಬ್ ಹೇಳಿದರಷ್ಟೇ ಇಲಾಖೆಯ ಉಗ್ರಾಣದಿಂದ ಅದರ ಲಸಿಕೆ ಸಿಗುತ್ತಿತ್ತು. ಹುಣ್ಣಿನ ಚರ್ಮವನ್ನು ಸೀಸೆಯಲ್ಲಿಟ್ಟು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ನಗರದ ಪ್ರಯೋಗಾಲಯಕ್ಕೆ ಕಳಿಸಿ ಕಾದೆ.

ಅದೇ ತಾಲ್ಲೂಕಿನ ಕೆಂಕೆರೆಗೆ ರೋಗ ಇನ್ನೂ ಕಾಲಿಟ್ಟಿರಲಿಲ್ಲ. ಅಲ್ಲಿ ಗಂಗಮ್ಮ ಎಂಬಾಕೆಗೆ ಒಂದು ಮಿಶ್ರತಳಿ ಹಸು, ಅದರ ಎಳೆಗರು. ಗಂಡ ತೀರಿಕೊಂಡ ಮೇಲೆ ನಾಲ್ಕು ತೆಂಗಿನ ಮರ ಬಿಟ್ಟರೆ ಆಕೆಯ ಮನೆ ನಡೆಯುತ್ತಿದ್ದುದು ಆ ಹಸುವಿನ ಹಾಲಿನಿಂದ. ಎಳೆಗರುಗಳಿಗೆ ಈ ರೋಗ ಹೃದಯಕ್ಕೇ ತಗಲುತ್ತದೆ. ಹಾಲು ಕುಡಿಯುತ್ತಲೇ ಬಿದ್ದು ಸಾಯುತ್ತವೆ.

“ಸೂಜಿ ಯಾವಾಗ ಹಾಕ್ತೀರಾ ಡಾಕ್ಟ್ರೇ? ಶೆಟ್ಟಿಕೆರೆ ಕಡೆಯಿಂದ ದನ ಸಂತೆಗೆ ಬತ್ತಾವೆ ಕಣ್ರೀ,” ಎನ್ನುತ್ತಿದ್ದರು ಗಂಗಮ್ಮ.

“ಯಾವ ಸೂಜಿ ಅಂತ ಇನ್ನೂ ತಿಳಿದಿಲ್ಲ ಗಂಗಮ್ಮ,” ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗಿತ್ತು.

ಟ್ರಂಕ್ ಕಾಲ್ ಮಾಡಿದರೆ ‘ಪರೀಕ್ಷೆ ನಡೆಯುತ್ತಿದೆ’ ಎಂಬುದೊಂದೇ ಉತ್ತರ. ಕೊನೆಗೆ ನಾನೇ ಬಸ್ಸು ಹತ್ತಿದೆ. ಪ್ರಯೋಗಾಲಯದ ಮುಖ್ಯಸ್ಥರು ಕಾಫಿ ತರಿಸಿ, ಯಾವ ಅಳುಕೂ ಇಲ್ಲದೆ ಹೇಳಿದರು: “ಟೈಪ್ ಪತ್ತೆ ಮಾಡೋದು ಯಾವತ್ತೋ ಮುಗೀತು. ನಿಮ್ಮ ಸೀಮೆಯಲ್ಲಿ ಹಿಂದೆ ಕಾಣದ ಟೈಪ್ ರೀ ಅದು! ಸಮ್ಮೇಳನದಲ್ಲಿ ಪೇಪರ್ ಓದೋವರೆಗೂ ಹೊರಗೆ ಬಿಡೋ ಹಾಗಿಲ್ಲ, ಬೇರೆ ಲ್ಯಾಬ್‌ನವರು ಹಾರಿಸಿಕೊಂಡು ಹೋಗ್ತಾರೆ. ನಿಮ್ಮ ಹೆಸರನ್ನೂ ಸೇರಿಸೋಣ ಬಿಡಿ.”

ಆ ಟೈಪಿನ ಲಸಿಕೆ ಉಗ್ರಾಣದಲ್ಲೇ ಇತ್ತು. ಹುಳ ಬಿದ್ದ ಗೊರಸುಗಳನ್ನು ಬರಿಗೈಯಲ್ಲಿ ತೊಳೆದವನು ನಾನು. ಆಗೆಲ್ಲ ಆಗದ ಹೇಸಿಗೆ ಆ ಶುಭ್ರವಾದ ಕೋಣೆಯಲ್ಲಿ ಆಯಿತು. “ನನ್ನ ಹೆಸರು ಬೇಡ ಸರ್, ವೈರಸ್ಸಿನ ಹೆಸರು ಹೇಳಿ. ಹೇಳುವವರೆಗೂ ಇಲ್ಲಿಂದ ಏಳುವುದಿಲ್ಲ,” ಎಂದೆ. ಸಿಬ್ಬಂದಿಯೆಲ್ಲ ಬಾಗಿಲಲ್ಲಿ ಇಣುಕತೊಡಗಿದ ಮೇಲೆ ಮುಖ್ಯಸ್ಥರು ಸಿಡುಕುತ್ತಾ ಹೇಳಿದರು.

ಲಸಿಕೆಯೊಂದಿಗೆ ಕೆಂಕೆರೆಗೆ ಹೋದಾಗ ಗಂಗಮ್ಮನ ಹಸು ಜೊಲ್ಲು ಸುರಿಸುತ್ತಾ ನಿಂತಿತ್ತು. ಕರುವನ್ನು ಹಿಂದಿನ ದಿನವೇ ಹೂತಿದ್ದರು. ತಡವೇಕಾಯಿತೆಂದು ಮುಚ್ಚಿಡದೆ ಹೇಳಿದೆ. ಅವರು ತಲೆಯೆತ್ತಿ ಅಟ್ಟದ ಕಡೆ ನೋಡಿದರು.

“ರೇಟ್ ಬರ್ಲಿ ಅಂತ ಕೊಬ್ರಿನ ಅಟ್ಟದ್ ಮ್ಯಾಲೆ ಮಡಿಕ್ಕಂಡು ಕಾಯೋರು ನಾವು. ಓದ್ದೋರು ಕಾಯಿಲೇನೂ ಹಂಗೇ ಮಡಿಕ್ಕತಾರಾ?”

ರೋಗ ಮುಟ್ಟದ ಕೊಟ್ಟಿಗೆಗಳಿಗೆ ಲಸಿಕೆ ಹಾಕುತ್ತಾ ಹೋದೆ.

ಆ ಸಮ್ಮೇಳನಕ್ಕೆ ನಾನೂ ಹೋಗಿದ್ದೆ. ಮುಖ್ಯಸ್ಥರು ಪರದೆಯ ಮೇಲೆ ನಮ್ಮ ತಾಲ್ಲೂಕಿನ ನಕ್ಷೆ ತೋರಿಸಿ, ರೋಗ ಶೆಟ್ಟಿಕೆರೆಯಿಂದ ಕೆಂಕೆರೆಗೆ ಹರಡಿದ ಬಗೆ ತಮ್ಮ ಅಧ್ಯಯನಕ್ಕೆ ಹೆಚ್ಚಿನ ಬಲ ಕೊಟ್ಟಿತೆಂದು ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಅಸಹ್ಯವಾಗಿ ಎದ್ದು ಬಂದೆ.

ಅಂದಿನಿಂದ ನಿವೃತ್ತನಾಗುವವರೆಗೂ, ಯಾವ ರೋಗದ ಸುಳಿವು ಸಿಕ್ಕಿದರೂ ಸುತ್ತಲಿನ ತಾಲ್ಲೂಕುಗಳ ವೈದ್ಯರಿಗೆ ಅಂದೇ ತಿಳಿಸುತ್ತಿದ್ದೆ. ಅಪ್ಪಣೆ ಪಡೆಯದೆ ಹೇಳಿದ್ದಕ್ಕೆ ಎರಡು ಸಲ ಮೇಲಿನವರು ವಿವರಣೆ ಕೇಳಿದರು. “ಕರುಗಳು ಬದುಕಿವೆ” ಎಂದಷ್ಟೇ ಉತ್ತರಿಸಿದೆ.