ನೆಲದ ಮಗ್ಗದ ಮುಂದೆ ಉಮಾವತಿ

ಕುವೈತ್ ಸಿಟಿಯ ಕಡಲ ಬದಿಯ ಹಳೆಯ ಮನೆಯೊಂದರಲ್ಲಿ ಕರಕುಶಲ ವಸ್ತುಗಳ ಪುಟ್ಟ ಮ್ಯೂಸಿಯಂ ಇತ್ತು. ಯುದ್ಧ ಮುಗಿದ ವರ್ಷದ ಚಳಿಗಾಲದಲ್ಲಿ ಅದರ ಬಾಗಿಲು ಮತ್ತೆ ತೆರೆದಾಗ, ಒಳಗೆ ಉಳಿದಿದ್ದುದು ಗಾಜು ಒಡೆದ ಕಪಾಟುಗಳು ಮಾತ್ರ. ಮುತ್ತು ತೂಗುವ ತಕ್ಕಡಿ, ಹಿತ್ತಾಳೆಯ ಮೊಳೆ ಬಡಿದ ಮದುವೆಯ ಪೆಟ್ಟಿಗೆಗಳು, ಹಳೆಯ ನೇಯ್ಗೆಗಳು ಎಲ್ಲವೂ ಲೂಟಿಯಾಗಿದ್ದವು. ನೋಡಲು ಬಂದವರು ಸಾವಿನ ಮನೆಗೆ ಬಂದವರಂತೆ ಅರೆಗಳಿಗೆ ನಿಂತು ಹೊರಟುಹೋಗುತ್ತಿದ್ದರು.

ಉಮಾವತಿ ಮಾತ್ರ ಕಪಾಟುಗಳತ್ತ ತಿರುಗಿಯೂ ನೋಡದೆ ಮರಳಿನ ಒಳಂಗಳಕ್ಕೆ ನಡೆಯುತ್ತಿದ್ದಳು. ಅಲ್ಲಿ ಉಮ್ ನಾಸರ್ ಎಂಬ ಮರುಭೂಮಿಯ ಮುದುಕಿ ಮರಳಿಗೆ ಗೂಟ ಬಡಿದು, ಅವುಗಳ ನಡುವೆ ಆಡಿನ ರೋಮ ಬೆರೆಸಿದ ಉಣ್ಣೆಯ ಹಾಸುನೂಲನ್ನು ಉದ್ದಕ್ಕೆ ಬಿಗಿದು, ಡೇರೆಯ ಪರದೆ ನೇಯುತ್ತಿದ್ದಳು. ಶುಕ್ರವಾರ ಬಂತೆಂದರೆ ಉಮಾವತಿ ಅಲ್ಲಿಗೆ ಹಾಜರು. "ನೀನು ಮ್ಯೂಸಿಯಂ ನೋಡುವುದಾ, ಮ್ಯೂಸಿಯಂ ನಿನ್ನನ್ನು ನೋಡುವುದಾ?" ಎಂದು ಶರ್ಕ್ ಬಡಾವಣೆಯ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಗಂಡ ಯಶೋಧರ ಕೆಣಕುತ್ತಿದ್ದ.

ಬ್ರಹ್ಮಾವರದ ಕಡೆಯ ಶೆಟ್ಟಿಗಾರರ ಮನೆಯಲ್ಲಿ, ಮಗ್ಗದ ಸದ್ದಿನಲ್ಲೇ ಬೆಳೆದವಳು ಅವಳು. ಮದುವೆಯಾಗಿ ಕುವೈತಿಗೆ ಬಂದ ಮೇಲೆ ಲಾಳಿ ಮುಟ್ಟಿರಲಿಲ್ಲ. ಯುದ್ಧಕ್ಕೆ ಹೆದರಿ ಉಟ್ಟ ಬಟ್ಟೆಯಲ್ಲಿ ಊರಿಗೆ ಓಡಿದಾಗ, ಅಣ್ಣನ ಮನೆಯಲ್ಲಿ ಒಮ್ಮೆ ಮಗ್ಗಕ್ಕೆ ಕೂರಬೇಕೆಂಬ ಆಸೆಯೊಂದೇ ಅವಳನ್ನು ಹಿಡಿದು ನಿಲ್ಲಿಸಿತ್ತು. ಆದರೆ ಅಲ್ಲಿ ಮಗ್ಗವನ್ನು ಬಿಚ್ಚಿ, ಅರಿಶಿನ ಕುಂಕುಮ ಹಚ್ಚಿ, ಅಟ್ಟದ ಮೇಲಿಟ್ಟಿದ್ದರು. ನೇಯುವವರು ಕಾಲಿಳಿಬಿಡುತ್ತಿದ್ದ ಅದರ ಗುಂಡಿಯ ತುಂಬ ಸೌದೆ. ಕೈ ಕಲಿತದ್ದು ಕೈಯಲ್ಲೇ ಸತ್ತುಹೋಗುತ್ತದೆಯೆಂಬ ಭಯ ಕುವೈತಿಗೆ ಮರಳಿದ ಮೇಲೂ ಅವಳನ್ನು ಬಿಟ್ಟಿರಲಿಲ್ಲ.

ಆ ಶುಕ್ರವಾರ ಅವಳೊಡನೆ ಪಕ್ಕದ ಫ್ಲ್ಯಾಟಿನ ನರ್ಸ್ ಲಿಜ್ಜಿ ಇದ್ದಳು. ಉಮ್ ನಾಸರ್ ತಲೆಯೆತ್ತಿ, ತಾನು ಕುಳಿತಿದ್ದ, ಮಗ್ಗದಲ್ಲೇ ನೇಯ್ದು ಮುಗಿದಿದ್ದ ಪಟ್ಟಿಯ ಮೇಲೆ ಪಕ್ಕಕ್ಕೆ ಸರಿದು, ಅಂಗೈಯಿಂದ ತಟ್ಟಿ ಕರೆದಳು. ಇಷ್ಟು ವಾರ ಕಾದದ್ದು ಇದಕ್ಕೇ. ಆದರೂ ಉಮಾವತಿ ಹಿಂದೆ ಸರಿದಳು. ಮಗ್ಗದ ಹಾಸುನೂಲನ್ನು ದಾಟಿದ ಮಗುವಿಗೂ ನೂಲು ಮುಟ್ಟಿಸಿ ಕಣ್ಣಿಗೊತ್ತಿಸುತ್ತಿದ್ದ ಮನೆ ಅವಳದು. ಮಗ್ಗದಲ್ಲಿರುವ ಬಟ್ಟೆಯ ಮೇಲೆ ಕೂರುವುದೇ?

ಅವಳು ಬದಿಯ ಮರಳಿನಲ್ಲಿ ಮಂಡಿಯೂರಿ, ಓರೆಯಾಗಿ ಬಾಗಿ ಅಡ್ಡನೂಲು ಹಾಯಿಸಿದಳು. ಸಾಲು ಸೊಟ್ಟಗಾಯಿತು. ಮುದುಕಿ ಅದನ್ನು ಎಳೆದು ಬಿಚ್ಚಿ, ಮತ್ತೆ ಪಟ್ಟಿಯನ್ನು ತಟ್ಟಿದಳು. ಉಮಾವತಿ ಕದಲಲಿಲ್ಲ. ಇನ್ನೊಂದು ಸಾಲು ಹಾಯಿಸಿದಳು, ಅದೂ ಸೊಟ್ಟ. ಮುದುಕಿ ನೂಲು ಬಡಿಯುವ ಜಿಂಕೆಕೊಂಬನ್ನು ಕೆಳಗಿಟ್ಟು, ಬಿರುಸಾಗಿ ಏನೋ ಹೇಳಿದಳು.

"ಎಂತ ಅಂತೆ, ಲಿಜ್ಜಿಬಾಯಿ?"

"ಆಡಿನ ರೋಮ ಅಂತ ನಿಮಗೆ ಅಸಹ್ಯವಾ ಅಂತ ಕೇಳ್ತಾಳೆ, ಉಮಕ್ಕ. ನನ್ನ ಪಕ್ಕ ಕೂರಲಿಕ್ಕೆ ಆಗದವಳು ನನ್ನ ಮಗ್ಗ ಮುಟ್ಟುವುದೂ ಬೇಡ, ಅಂತೆ."

ಉಮಾವತಿಯ ಮುಖ ಕಪ್ಪಿಟ್ಟಿತು. "ಅಸಹ್ಯ ಅಲ್ಲ. ಅನ್ನ ಕೊಡುವುದರ ಮೇಲೆ ನಾವು ಕೂರುವುದಿಲ್ಲ. ಅಷ್ಟು ಹೇಳಿ."

"ನನಗೆ ಬರುವುದು ಆಸ್ಪತ್ರೆಯ ಅರಬಿ, ಮಾರಾಯ್ತಿ. ಎಲ್ಲಿ ನೋವು, ಬಾಯಿ ತೆರೆ, ಅಷ್ಟೇ." ಲಿಜ್ಜಿ ತುಸು ಯೋಚಿಸಿದಳು. "ಇರಿ. ರೊಟ್ಟಿ ನೆಲಕ್ಕೆ ಬಿದ್ದರೆ ಇವರು ಎತ್ತಿ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುವುದಿಲ್ಲವಾ? ನಿಮಗೆ ನೇಯ್ದದ್ದೂ ಹಾಗೇ ಅಂತ ಹೇಳ್ತೇನೆ."

ಹೇಳಿದಳು, ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ. ಮುದುಕಿ ಉಮಾವತಿಯತ್ತ ತಿರುಗಿದಳು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು. ಲಿಜ್ಜಿ ತಡವರಿಸುತ್ತ ಕನ್ನಡಕ್ಕೆ ತಂದಳು: "ರೊಟ್ಟಿಗೆ ಮುತ್ತಿಡುವುದು ನಿಜ, ಆಮೇಲೆ ತಿನ್ನುತ್ತೇವಲ್ಲ ಅಂತಾಳೆ. ಅವಳು ಹುಟ್ಟಿದ್ದು ಇಂಥದೇ ಬಟ್ಟೆಯ ಮೇಲಂತೆ. ಅತಿಥಿಗಳೂ, ಆಡಿನ ಮರಿಗಳೂ ಮಲಗಿದ್ದು ಅದರ ಮೇಲೆಯೇ. ಯಾರೂ ಕೂರದ ಬಟ್ಟೆಯನ್ನು ಇಲ್ಲಿನ ಕಪಾಟಿನಲ್ಲಿ ಇಟ್ಟಿದ್ದರಂತೆ. ಅದು ಎಲ್ಲಿ ಹೋಯಿತು ನೋಡು, ಅಂತಾಳೆ."

ಅಣ್ಣನ ಮನೆಯ ಅಟ್ಟದ ಮೇಲಿನ ಮಗ್ಗದ ತುಂಡುಗಳು ಉಮಾವತಿಯ ಕಣ್ಣಿಗೆ ಕಟ್ಟಿದವು. ಅವನ್ನು ಯಾರೂ ದಾಟಿರಲಿಲ್ಲ, ತುಳಿದಿರಲಿಲ್ಲ. ಮರ್ಯಾದೆಗೆ ಯಾವ ಕೊರತೆಯನ್ನೂ ಮಾಡದೆಯೇ ಮಗ್ಗವನ್ನು ಮುಗಿಸಿದ್ದರು.

ಅವಳು ಚಪ್ಪಲಿ ಕಳಚಿದಳು. ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುದುಕಿಯ ಪಕ್ಕದಲ್ಲಿ ಕುಳಿತಳು. ಒರಟು ಉಣ್ಣೆ ಸೀರೆಯ ಮೂಲಕವೂ ಚುಚ್ಚಿತು.

"ಖಲಾಸ್?" ಮುಗಿಯಿತೇ ಎಂಬಂತೆ ಕೇಳಿದ ಮುದುಕಿ, ಇನ್ನು ಶುರುಮಾಡೆಂದು ನೂಲಿನತ್ತ ಕೈ ತೋರಿದಳು. "ಯಲ್ಲಾ."

ಉಮಾವತಿ ನೂಲು ಹಾಯಿಸಿದಳು, ಕೊಂಬಿನಿಂದ ಬಡಿದಳು. ಮತ್ತೆ ಹಾಯಿಸಿದಳು. ಮುದುಕಿ ಬಗ್ಗಿ ನೋಡಿ ಏನೋ ಗೊಣಗಿದಾಗ ಲಿಜ್ಜಿ ನಕ್ಕುಬಿಟ್ಟಳು.

"ಎಂತ ಹೇಳಿದ್ದು?"

"ಕೈ ಮಗ್ಗದ್ದೇ, ಬೆನ್ನು ಮಾತ್ರ ಕುರ್ಚಿಯದ್ದು ಅಂತೆ."

"ಬಗ್ಗುತ್ತದೆ ಅಂತ ಹೇಳಿ," ಎಂದಳು ಉಮಾವತಿ, ನೂಲಿನಿಂದ ಕಣ್ಣು ತೆಗೆಯದೆ.